ದೂರದ ಎರಡು ವಿಮಾನ ನಿಲ್ದಾಣಗಳ ನಡುವಿನ ಅಂತರ ಮತ್ತು ಪ್ರಯಾಣದ ಸಮಯವನ್ನು ಮನೆಯಲ್ಲೇ ಲೆಕ್ಕ ಹಾಕುವ ಬಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಅನೇಕ ಮನೆಗಳಲ್ಲಿ ಈಗ ಮಗನೋ ಮಗಳೋ ಲಂಡನ್ನಿನಲ್ಲಿ, ದುಬೈಯಲ್ಲಿ ಅಥವಾ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದಾರೆ. ಮಗಳ ಬಾಣಂತನಕ್ಕೆಂದು ಜಮಖಂಡಿಯಿಂದ ತಾಯಿ ಹೊರಡುತ್ತಾರೆ, ಓದಿಗೆಂದು ಗೋಕಾಕದ ಹುಡುಗ ಹೊರಡುತ್ತಾನೆ. ಟಿಕೆಟ್ ಕೈಗೆ ಬಂದ ದಿನ ಮನೆಮಂದಿಯೆಲ್ಲ ಕೇಳುವುದು ಎರಡೇ ಪ್ರಶ್ನೆ: ಎಷ್ಟು ದೂರ, ಎಷ್ಟು ಹೊತ್ತು? ಇವಕ್ಕೆ ಉತ್ತರವಾಗಿ ಒಂದೊಂದೇ ಅಂಕಿ ಸಿಗುವುದಿಲ್ಲ. ಭೂಮಿಯ ಮೇಲಿನ ನೇರ ಅಂತರ, ವಿಮಾನವು ನಿಜವಾಗಿ ಹಾರುವ ಅವಧಿ, ಟಿಕೆಟ್ಟಿನ ಮೇಲೆ ಮುದ್ರಿತವಾದ ಗಡಿಯಾರದ ಸಮಯ, ಮತ್ತು ನಮ್ಮ ಮನೆಯ ಬಾಗಿಲಿನಿಂದ ಅವರ ಮನೆಯ ಬಾಗಿಲಿನವರೆಗಿನ ಒಟ್ಟು ಅವಧಿ ಎಂಬ ನಾಲ್ಕು ಬೇರೆ ಬೇರೆ ಲೆಕ್ಕಗಳು ಇಲ್ಲಿವೆ. ಹಿರಿಯರು ನಿಲ್ದಾಣದಲ್ಲಿ ಪಡುವ ಹೆಚ್ಚಿನ ತೊಂದರೆಗಳು ಈ ನಾಲ್ಕನ್ನು ಒಂದರೊಳಗೊಂದು ಬೆರೆಸಿಕೊಂಡಾಗ ಹುಟ್ಟುವಂಥವು. ಆದ್ದರಿಂದ ಒಂದೊಂದನ್ನೂ ಬಿಡಿಬಿಡಿಯಾಗಿ ಲೆಕ್ಕ ಹಾಕುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ. ದ್ವಿತೀಯ ಪಿಯುಸಿ ಓದುವ ಮಕ್ಕಳು ಮನೆಯಲ್ಲಿದ್ದರೆ ಕಾಗದ, ಲೇಖನಿ ಮತ್ತು ಕ್ಯಾಲ್ಕುಲೇಟರ್ ಇಟ್ಟುಕೊಂಡು ಅವರೊಡನೆ ಕೂತು ಮಾಡುವುದು ಒಳ್ಳೆಯದು.

ಮೊದಲು ನಿಲ್ದಾಣವನ್ನು ಖಚಿತಪಡಿಸಿಕೊಳ್ಳಿ

ಊರಿನ ಹೆಸರಿನಿಂದ ಲೆಕ್ಕ ಆರಂಭಿಸಬಾರದು. ನಿಲ್ದಾಣದ ಮೂರಕ್ಷರದ ಸಂಕೇತದಿಂದ ಆರಂಭಿಸಬೇಕು. ಬೆಳಗಾವಿಯ ಸಾಂಬ್ರಾ ನಿಲ್ದಾಣದ ಸಂಕೇತ ಐಎಕ್ಸ್‌ಜಿ, ಹುಬ್ಬಳ್ಳಿಯದು ಎಚ್‌ಬಿಎಕ್ಸ್, ಬೆಂಗಳೂರಿನದು ಬಿಎಲ್‌ಆರ್, ಮುಂಬೈಯದು ಬಿಒಎಂ. ನಮ್ಮ ಭಾಗದವರು ವಿಶೇಷವಾಗಿ ಎಚ್ಚರ ವಹಿಸಬೇಕಾದದ್ದು ಗೋವಾದ ವಿಷಯದಲ್ಲಿ, ಏಕೆಂದರೆ ಅಲ್ಲಿ ಎರಡು ನಿಲ್ದಾಣಗಳಿವೆ. ವಾಸ್ಕೊ ಪಟ್ಟಣದ ಬಳಿಯ ಹಳೆಯ ದಾಬೋಳಿಮ್ ನಿಲ್ದಾಣ ಜಿಒಐ ಎಂದೂ, ಉತ್ತರದ ಪೆರ್ನೆಮ್ ತಾಲೂಕಿನಲ್ಲಿ 2023ರ ಜನವರಿಯಲ್ಲಿ ವಿಮಾನ ಸಂಚಾರ ಆರಂಭವಾದ ಮೋಪಾ ನಿಲ್ದಾಣ ಜಿಒಎಕ್ಸ್ ಎಂದೂ ಗುರುತಿಸಲ್ಪಡುತ್ತವೆ. ಬೆಳಗಾವಿಯಿಂದ ಬಾಡಿಗೆ ಕಾರು ಗೊತ್ತು ಮಾಡುವಾಗ ಚಾಲಕರಿಗೆ ಬರೀ ಗೋವಾ ಏರ್‌ಪೋರ್ಟ್ ಎಂದರೆ ಸಾಲದು. ಲಂಡನ್ನಿನಲ್ಲಿಯೂ ಹೀಥ್ರೂ, ಗ್ಯಾಟ್‌ವಿಕ್, ಸ್ಟ್ಯಾನ್‌ಸ್ಟೆಡ್, ಲೂಟನ್ ಎಂದು ಹಲವು ನಿಲ್ದಾಣಗಳಿದ್ದು, ಕರೆದೊಯ್ಯಲು ಬರುವವರು ಯಾವುದಕ್ಕೆ ಬರಬೇಕೆಂಬುದು ಅದೇ ಮೂರಕ್ಷರದಿಂದ ತಿಳಿಯುತ್ತದೆ.

ಸಂಕೇತ ಖಚಿತವಾದ ಮೇಲೆ ಆ ನಿಲ್ದಾಣದ ಅಕ್ಷಾಂಶ ಮತ್ತು ರೇಖಾಂಶಗಳನ್ನು ಬರೆದುಕೊಳ್ಳಿ. ಮೊಬೈಲಿನ ನಕ್ಷೆಯಲ್ಲಿ ನಿಲ್ದಾಣದ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಎರಡೂ ಅಂಕಿಗಳು ಕಾಣುತ್ತವೆ. ಇಲ್ಲಿ ಎರಡು ಎಚ್ಚರಿಕೆಗಳು ಬೇಕು. ಹಳೆಯ ಪುಸ್ತಕಗಳಲ್ಲಿ 15 ಡಿಗ್ರಿ 52 ಮಿನಿಟ್ ಎಂದು ಕೊಟ್ಟಿದ್ದರೆ ಅದನ್ನು 15.52 ಎಂದು ಬರೆದುಕೊಳ್ಳಬಾರದು. ಮಿನಿಟನ್ನು 60ರಿಂದ ಭಾಗಿಸಿ 15.87 ಎಂದು ಬರೆದುಕೊಳ್ಳಬೇಕು. ಎರಡನೆಯದಾಗಿ, ಗ್ರೀನಿಚ್‌ಗೆ ಪಶ್ಚಿಮದಲ್ಲಿರುವ ರೇಖಾಂಶಕ್ಕೂ ಸಮಭಾಜಕ ವೃತ್ತಕ್ಕೆ ದಕ್ಷಿಣದಲ್ಲಿರುವ ಅಕ್ಷಾಂಶಕ್ಕೂ ಋಣ ಚಿಹ್ನೆ ಹಾಕಬೇಕು.

ಹತ್ತಿರದ ನಿಲ್ದಾಣಗಳಿಗೆ ಸುಲಭ ಲೆಕ್ಕ

ದೂರದ ಲೆಕ್ಕಕ್ಕೆ ಹೋಗುವ ಮುನ್ನ ಹತ್ತಿರದ ಲೆಕ್ಕವೊಂದನ್ನು ಮಾಡಿದರೆ ಕೈ ಕುದುರುತ್ತದೆ. ಅಕ್ಷಾಂಶದ ಒಂದು ಡಿಗ್ರಿ ಎಂದರೆ ನೆಲದ ಮೇಲೆ ಸುಮಾರು 111 ಕಿಲೋಮೀಟರ್. ರೇಖಾಂಶದ ಒಂದು ಡಿಗ್ರಿಯ ಅಳತೆ ಮಾತ್ರ ಎಲ್ಲ ಕಡೆ ಒಂದೇ ಆಗಿರುವುದಿಲ್ಲ. ರೇಖಾಂಶಗಳು ಧ್ರುವದ ಕಡೆಗೆ ಹೋದಂತೆ ಒಂದನ್ನೊಂದು ಸಮೀಪಿಸುವುದರಿಂದ 111ನ್ನು ಆ ಜಾಗದ ಅಕ್ಷಾಂಶದ ಕೊಸೈನ್‌ನಿಂದ ಗುಣಿಸಬೇಕು. ನಮ್ಮ ಭಾಗದಲ್ಲಿ ಅದು ಸುಮಾರು 107 ಕಿಲೋಮೀಟರ್ ಆಗುತ್ತದೆ.

ಸಾಂಬ್ರಾ ನಿಲ್ದಾಣ 15.86 ಉತ್ತರ, 74.62 ಪೂರ್ವದಲ್ಲಿದೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣ 13.20 ಉತ್ತರ, 77.71 ಪೂರ್ವದಲ್ಲಿದೆ. ಅಕ್ಷಾಂಶದ ವ್ಯತ್ಯಾಸ 2.66 ಡಿಗ್ರಿ, ಅಂದರೆ 295 ಕಿಲೋಮೀಟರ್. ರೇಖಾಂಶದ ವ್ಯತ್ಯಾಸ 3.09 ಡಿಗ್ರಿ, ಅಂದರೆ ಸುಮಾರು 332 ಕಿಲೋಮೀಟರ್. ಇವೆರಡನ್ನು ಲಂಬಕೋನ ತ್ರಿಭುಜದ ಎರಡು ಬದಿಗಳೆಂದು ಭಾವಿಸಿ ಕರ್ಣವನ್ನು ಕಂಡುಹಿಡಿದರೆ 445 ಕಿಲೋಮೀಟರಿನಷ್ಟು ಬರುತ್ತದೆ. ಹೆದ್ದಾರಿಯಲ್ಲಿ ಧಾರವಾಡ, ದಾವಣಗೆರೆ, ತುಮಕೂರುಗಳ ಮೂಲಕ ಹೋದರೆ ಇದಕ್ಕಿಂತ ಹೆಚ್ಚು ದೂರ ಕ್ರಮಿಸಬೇಕಾಗುತ್ತದೆ. ಇದೇ ವಿಧಾನದಿಂದ ಸಾಂಬ್ರಾ ಮತ್ತು ಮುಂಬೈ ನಡುವಿನ ನೇರ ಅಂತರ ಸುಮಾರು 405 ಕಿಲೋಮೀಟರ್ ಎಂದು ಸಿಗುತ್ತದೆ. ಸಾವಿರ ಕಿಲೋಮೀಟರ್ ದಾಟದ ಅಂತರಗಳಿಗೆ ಈ ಲೆಕ್ಕ ಸಾಕು. ಅದಕ್ಕಿಂತ ಹೆಚ್ಚಾದರೆ ಭೂಮಿಯ ಗುಂಡಗಿನ ಆಕಾರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ವಿಧಿಯಿಲ್ಲ.

ಗೋಳದ ಮೇಲೆ ದಾರ ಹಿಡಿದು ನೋಡಿ

ಶಾಲೆಯ ಗೋಡೆಯ ಮೇಲೆ ತೂಗುಹಾಕಿದ ಜಗತ್ತಿನ ನಕ್ಷೆಯಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಅಳತೆಪಟ್ಟಿ ಇಟ್ಟು ಗೆರೆ ಎಳೆದರೆ ಅದು ಅತಿ ಹತ್ತಿರದ ದಾರಿ ಆಗುವುದಿಲ್ಲ. ಗುಂಡಗಿನ ಭೂಮಿಯನ್ನು ಚಪ್ಪಟೆ ಕಾಗದದ ಮೇಲೆ ಇಳಿಸುವಾಗ ಉತ್ತರದ ಭಾಗಗಳು ಹಿಗ್ಗುತ್ತವೆ. ಅತಿ ಹತ್ತಿರದ ದಾರಿಯನ್ನು ಭೂಗೋಳ ಶಾಸ್ತ್ರದಲ್ಲಿ ಮಹಾವೃತ್ತದ ದಾರಿ ಎನ್ನುತ್ತಾರೆ. ಭೂಮಿಯ ಕೇಂದ್ರವನ್ನೇ ತನ್ನ ಕೇಂದ್ರವಾಗಿ ಹೊಂದಿ ಭೂಮಿಯನ್ನು ಸರಿಯಾಗಿ ಎರಡು ಹೋಳು ಮಾಡುವ ವೃತ್ತವೇ ಮಹಾವೃತ್ತ. ಎರಡು ಊರುಗಳನ್ನು ಜೋಡಿಸುವ ಅದರ ಚಿಕ್ಕ ಕಂಸವೇ ಅತಿ ಹತ್ತಿರದ ದಾರಿ.

ಇದನ್ನು ಸೂತ್ರವಿಲ್ಲದೆಯೂ ಅಳೆಯಬಹುದು. ಹತ್ತಿರದ ಶಾಲೆಯಲ್ಲಿ ಭೂಗೋಳದ ಮಾದರಿ ಇದ್ದೇ ಇರುತ್ತದೆ. ಅದರ ವ್ಯಾಸ 30 ಸೆಂಟಿಮೀಟರ್ ಇದ್ದರೆ ಸುತ್ತಳತೆ ಸುಮಾರು 94 ಸೆಂಟಿಮೀಟರ್ ಆಗುತ್ತದೆ. ಭೂಮಿಯ ಸುತ್ತಳತೆ 40,000 ಕಿಲೋಮೀಟರ್ ಆದ್ದರಿಂದ ಒಂದು ಸೆಂಟಿಮೀಟರ್ ಎಂದರೆ ಸುಮಾರು 425 ಕಿಲೋಮೀಟರ್. ಎರಡು ಊರುಗಳ ಮೇಲೆ ದಾರದ ತುದಿಗಳನ್ನು ಒತ್ತಿ ಹಿಡಿದು, ಸಡಿಲ ಇರದಂತೆ ಬಿಗಿಯಾಗಿ ಎಳೆದರೆ ದಾರ ತಾನಾಗಿಯೇ ಮಹಾವೃತ್ತದ ದಾರಿಯ ಮೇಲೆ ಕೂಡುತ್ತದೆ. ಮುಂಬೈಯಿಂದ ಲಂಡನ್ನಿಗೆ ಈ ದಾರ ಸುಮಾರು 17 ಸೆಂಟಿಮೀಟರ್ ಬರುತ್ತದೆ, ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 33 ಸೆಂಟಿಮೀಟರ್. ಇದಕ್ಕಿಂತ ಒಳ್ಳೆಯ ಭೂಗೋಳದ ಪಾಠ ಇನ್ನೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಮೆರಿಕೆಗೆ ಹೋಗುವ ದಾರ ಪೆಸಿಫಿಕ್ ಸಾಗರದ ನಡುವೆ ಹಾಯದೆ ನೇಪಾಳ, ಟಿಬೆಟ್, ಮಂಗೋಲಿಯಾ ಮತ್ತು ಸೈಬೀರಿಯಾಗಳ ಮೇಲೆ ಏರಿ, 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಹೋಗಿ, ಅಲಾಸ್ಕಾದ ಮೇಲಿಂದ ಇಳಿಯುವುದನ್ನು ಕಣ್ಣಾರೆ ಕಂಡ ಮಗು ಅದನ್ನು ಮರೆಯಲಾರದು.

ಸೂತ್ರದಿಂದ ಲೆಕ್ಕ

ಖಚಿತವಾದ ಅಂಕಿ ಬೇಕಾದರೆ ಗೋಳೀಯ ತ್ರಿಕೋನಮಿತಿಯ ಸೂತ್ರವನ್ನು ಬಳಸಬೇಕು. ಕ್ಯಾಲ್ಕುಲೇಟರ್ ಡಿಗ್ರಿ ಸ್ಥಿತಿಯಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಿ. ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ ಮಾಡುವುದಾದರೆ ಡಿಗ್ರಿಗಳನ್ನು ರೇಡಿಯನ್‌ಗೆ ಬದಲಿಸಿಕೊಳ್ಳಬೇಕು. ಹೆಜ್ಜೆಗಳು ಹೀಗಿವೆ. ಎರಡೂ ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ ಒಂದು ಕಡೆ ಬರೆದಿಡಿ. ಎರಡೂ ಅಕ್ಷಾಂಶಗಳ ಕೊಸೈನ್‌ಗಳನ್ನು ಮತ್ತು ರೇಖಾಂಶಗಳ ವ್ಯತ್ಯಾಸದ ಕೊಸೈನ್ ಅನ್ನು, ಹೀಗೆ ಮೂರನ್ನೂ ಗುಣಿಸಿ ಇನ್ನೊಂದು ಕಡೆ ಬರೆದಿಡಿ. ಎರಡನ್ನೂ ಕೂಡಿಸಿ. ಬಂದ ಮೊತ್ತಕ್ಕೆ ವಿಲೋಮ ಕೊಸೈನ್ ತೆಗೆದರೆ ಡಿಗ್ರಿಗಳಲ್ಲಿ ಒಂದು ಕೋನ ಸಿಗುತ್ತದೆ. ಅದನ್ನು 111.19ರಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ಅಂತರ ದೊರೆಯುತ್ತದೆ.

ಮುಂಬೈ ನಿಲ್ದಾಣದ ಅಕ್ಷಾಂಶ 19.09, ರೇಖಾಂಶ 72.87. ಲಂಡನ್ ಹೀಥ್ರೂ ನಿಲ್ದಾಣದ ಅಕ್ಷಾಂಶ 51.47, ರೇಖಾಂಶ ಋಣ 0.45. ರೇಖಾಂಶಗಳ ವ್ಯತ್ಯಾಸ 73.32 ಡಿಗ್ರಿ. ಸೈನ್‌ಗಳ ಗುಣಲಬ್ಧ 0.2558. ಮೂರು ಕೊಸೈನ್‌ಗಳ ಗುಣಲಬ್ಧ 0.1690. ಮೊತ್ತ 0.4248. ಇದರ ವಿಲೋಮ ಕೊಸೈನ್ 64.86 ಡಿಗ್ರಿ. 111.19ರಿಂದ ಗುಣಿಸಿದರೆ ಸುಮಾರು 7,210 ಕಿಲೋಮೀಟರ್. ರೇಖಾಂಶಗಳ ವ್ಯತ್ಯಾಸ 180 ಡಿಗ್ರಿ ಮೀರಿದಾಗ ಅದನ್ನು 360ರಿಂದ ಕಳೆದು ಬಳಸಿದರೆ ಗೊಂದಲ ಇರುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಋಣ 122.38ರಲ್ಲಿ ಇರುವುದರಿಂದ ಬೆಂಗಳೂರಿನೊಡನೆ ಅದರ ವ್ಯತ್ಯಾಸ 200.09 ಆಗುತ್ತದೆ, 360ರಿಂದ ಕಳೆದರೆ 159.91. ಉಳಿದ ಲೆಕ್ಕವನ್ನು ಓದುಗರೇ ಮಾಡಿ ನೋಡಿದರೆ 13,990 ಕಿಲೋಮೀಟರಿನ ಹತ್ತಿರ ಉತ್ತರ ಬರಬೇಕು.

ಭೂಮಿ ಪರಿಪೂರ್ಣ ಗೋಳವಲ್ಲ. ಸಮಭಾಜಕದ ಬಳಿ ಅದರ ತ್ರಿಜ್ಯ 6,378 ಕಿಲೋಮೀಟರ್ ಇದ್ದರೆ ಧ್ರುವದ ಬಳಿ 6,357 ಕಿಲೋಮೀಟರ್ ಇದೆ. ಈ ಕಾರಣದಿಂದ ನಮ್ಮ ಉತ್ತರದಲ್ಲಿ ಹೆಚ್ಚೆಂದರೆ ಶೇಕಡಾ ಅರ್ಧದಷ್ಟು ವ್ಯತ್ಯಾಸ ಬರಬಹುದು. ಪ್ರಯಾಣಿಕರಿಗೆ ಅದರಿಂದ ಏನೂ ಬಾಧಕವಿಲ್ಲ. ಅಂತರ್ಜಾಲದ ಕೆಲವು ಪುಟಗಳು ಅಂತರವನ್ನು ಮೈಲಿಯಲ್ಲಿ, ಇನ್ನು ಕೆಲವು ನಾಟಿಕಲ್ ಮೈಲಿಯಲ್ಲಿ ಕೊಡುತ್ತವೆ. ಮೈಲಿಯನ್ನು 1.609ರಿಂದ, ನಾಟಿಕಲ್ ಮೈಲಿಯನ್ನು 1.852ರಿಂದ ಗುಣಿಸಿದರೆ ಕಿಲೋಮೀಟರ್ ಬರುತ್ತದೆ. ಎರಡು ಪುಟಗಳ ಅಂಕಿಗಳು ತಾಳೆಯಾಗದಿದ್ದರೆ ಮೊದಲು ಇದನ್ನೇ ಪರೀಕ್ಷಿಸಿ.

ಅಂತರದಿಂದ ಹಾರಾಟದ ಅವಧಿಗೆ

ಈಗ ಅಂತರವನ್ನು ವೇಗದಿಂದ ಭಾಗಿಸಬೇಕು, ಆದರೆ ಯಾವ ವೇಗ ಎಂಬುದು ವಿಮಾನದ ಬಗೆಯ ಮೇಲೆ ಅವಲಂಬಿಸಿದೆ. ಪಂಖಗಳಿರುವ ಎಟಿಆರ್ ವಿಮಾನಗಳು ಗಂಟೆಗೆ 500 ಕಿಲೋಮೀಟರಿನ ಆಸುಪಾಸಿನಲ್ಲಿ, ಏರ್‌ಬಸ್ ಎ320 ಮತ್ತು ಎಂಬ್ರೇರ್‌ನಂಥ ಜೆಟ್ ವಿಮಾನಗಳು 830 ಕಿಲೋಮೀಟರಿನ ಆಸುಪಾಸಿನಲ್ಲಿ, ಸಾಗರ ದಾಟುವ ಬೋಯಿಂಗ್ 777ನಂಥ ದೊಡ್ಡ ವಿಮಾನಗಳು 900 ಕಿಲೋಮೀಟರಿನ ಹತ್ತಿರ ಹಾರುತ್ತವೆ. ಮೇಲೇರುವಾಗಲೂ ಇಳಿಯುವಾಗಲೂ ಈ ವೇಗ ಇರುವುದಿಲ್ಲ, ನೆಲದ ಮೇಲೆ ರನ್‌ವೇಯವರೆಗೆ ಸಾಗಲು ಮತ್ತು ಸರದಿಗೆ ಕಾಯಲು ಕೂಡ ಹೊತ್ತು ಹಿಡಿಯುತ್ತದೆ. ಆದ್ದರಿಂದ ದೂರದ ಪ್ರಯಾಣಕ್ಕೆ ಅಂತರವನ್ನು 850ರಿಂದ ಭಾಗಿಸಿ ಮುಕ್ಕಾಲು ಗಂಟೆ ಸೇರಿಸುವುದು ಒಳ್ಳೆಯ ಸ್ಥೂಲ ನಿಯಮ. ಮುಂಬೈ ಮತ್ತು ಲಂಡನ್ ನಡುವೆ ಇದರ ಪ್ರಕಾರ ಸುಮಾರು 9 ಗಂಟೆ 15 ನಿಮಿಷ ಬರುತ್ತದೆ. ಟಿಕೆಟ್ಟಿನಲ್ಲಿ ತೋರಿಸುವ ಅವಧಿ ನಿಲ್ದಾಣದ ಗೇಟಿನಿಂದ ಇನ್ನೊಂದು ನಿಲ್ದಾಣದ ಗೇಟಿನವರೆಗಿನದು, ಆಕಾಶದಲ್ಲಿ ಇರುವಷ್ಟು ಹೊತ್ತಿನದಲ್ಲ.

ಆದರೆ ಲಂಡನ್ನಿಗೆ ಹೋಗುವಾಗ ಹತ್ತು ಗಂಟೆಯ ಹತ್ತಿರ ಹಿಡಿಯುತ್ತದೆ, ಬರುವಾಗ ಅದಕ್ಕಿಂತ ಕಡಿಮೆ. ಇದಕ್ಕೆ ಕಾರಣ ಗಾಳಿ. ಹತ್ತು ಕಿಲೋಮೀಟರ್ ಎತ್ತರದ ಆಸುಪಾಸಿನಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಎಂಬ ಬಲವಾದ ಗಾಳಿಯ ಪಟ್ಟಿಗಳಿವೆ. ಚಳಿಗಾಲದಲ್ಲಿ ಅವುಗಳ ವೇಗ ಗಂಟೆಗೆ 200 ಕಿಲೋಮೀಟರ್ ದಾಟುವುದುಂಟು. ಮಳೆಗಾಲದ ಕೃಷ್ಣೆಯಲ್ಲಿ ಹರಿವಿನೊಡನೆ ಸಾಗುವ ದೋಣಿಗೂ ಹರಿವಿಗೆ ಎದುರಾಗಿ ಸಾಗುವ ದೋಣಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. 2020ರ ಫೆಬ್ರವರಿಯಲ್ಲಿ ಅಟ್ಲಾಂಟಿಕ್ ಮೇಲೆ ಸಿಯಾರಾ ಚಂಡಮಾರುತ ಬೀಸುತ್ತಿದ್ದಾಗ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನವೊಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ತಲುಪಿತು. ಸಾಮಾನ್ಯವಾಗಿ ಆ ದಾರಿಗೆ ಆರರಿಂದ ಏಳು ಗಂಟೆ ಬೇಕಾಗುತ್ತದೆ. ಅಂದರೆ ಪಶ್ಚಿಮಕ್ಕೆ ಹೋಗುವಾಗ ನಮ್ಮ ಲೆಕ್ಕಕ್ಕೆ ಶೇಕಡಾ ಐದರಿಂದ ಹತ್ತರಷ್ಟು ಸೇರಿಸುವುದು, ಪೂರ್ವಕ್ಕೆ ಬರುವಾಗ ಅಷ್ಟರ ಮಟ್ಟಿಗೆ ಕಳೆಯುವುದು ವಾಡಿಕೆಯ ಅಂದಾಜಿಗೆ ಸಾಕು.

ನೇರ ದಾರಿಯನ್ನು ವಿಮಾನ ಏಕೆ ಹಿಡಿಯುವುದಿಲ್ಲ

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಮೊಬೈಲಿನಲ್ಲಿ ವಿಮಾನದ ಜಾಡನ್ನು ನೋಡುವವರಿಗೆ ಅದು ಮಹಾವೃತ್ತದಿಂದ ಬಹಳ ಸರಿದು ಹಾರುತ್ತಿರುವುದು ಕಾಣುತ್ತದೆ. ಮನೆಯವರು ಗಾಬರಿಯಾಗುವುದು ಇಂಥ ಹೊತ್ತಿನಲ್ಲೇ ಆದ್ದರಿಂದ ಕಾರಣಗಳನ್ನು ವಿವರವಾಗಿ ತಿಳಿಯುವುದು ಅಗತ್ಯ.

ಮೊದಲನೆಯದು ಮುಚ್ಚಿದ ಆಕಾಶ. ಮುಂಬೈಯಿಂದ ಲಂಡನ್ನಿನ ಮಹಾವೃತ್ತದ ದಾರಿಯನ್ನು ಗೋಳದ ಮೇಲೆ ಹಿಂಬಾಲಿಸಿ ನೋಡಿ. ಅದು ಅರಬ್ಬಿ ಸಮುದ್ರ ದಾಟಿ ಕರಾಚಿಯ ಆಸುಪಾಸಿನಲ್ಲಿ ಪಾಕಿಸ್ತಾನವನ್ನು ಪ್ರವೇಶಿಸಿ, ಬಲೂಚಿಸ್ತಾನ, ಇರಾನ್ ಮತ್ತು ಅಜರ್‌ಬೈಜಾನ್‌ಗಳ ಮೇಲಿಂದ ಹಾದು, ಕ್ರಿಮಿಯಾ ಮತ್ತು ಉಕ್ರೇನ್‌ಗಳ ಮೂಲಕ ಯುರೋಪಿಗೆ ಇಳಿಯುತ್ತದೆ. ಉಕ್ರೇನಿನ ಆಕಾಶ 2022ರ ಫೆಬ್ರವರಿ 24ರಂದು ಯುದ್ಧ ಆರಂಭವಾದಾಗ ನಾಗರಿಕ ವಿಮಾನಗಳಿಗೆ ಮುಚ್ಚಿತು. ಪಾಕಿಸ್ತಾನವು 2025ರ ಏಪ್ರಿಲ್ 24ರಂದು ಭಾರತೀಯ ವಿಮಾನ ಸಂಸ್ಥೆಗಳಿಗೆ ತನ್ನ ಆಕಾಶವನ್ನು ಮುಚ್ಚಿ, ಆ ಆದೇಶವನ್ನು ಬಳಿಕ ತಿಂಗಳು ತಿಂಗಳಿಗೆ ವಿಸ್ತರಿಸಿತು. 2019ರಲ್ಲಿಯೂ ಫೆಬ್ರವರಿಯ ಕೊನೆಯಿಂದ ಜುಲೈ ಮಧ್ಯದವರೆಗೆ ಹೀಗೆಯೇ ಆಗಿತ್ತು. ಆದ್ದರಿಂದ ಒಂದೇ ಊರಿಗೆ ಹೋಗುವ ಭಾರತೀಯ ಸಂಸ್ಥೆಯ ವಿಮಾನಕ್ಕೂ ವಿದೇಶಿ ಸಂಸ್ಥೆಯ ವಿಮಾನಕ್ಕೂ ಅವಧಿಯಲ್ಲಿ ವ್ಯತ್ಯಾಸ ಕಾಣಬಹುದು. ದೆಹಲಿಯಿಂದ ಯುರೋಪ್ ಮತ್ತು ಅಮೆರಿಕೆಗೆ ಹೋಗುವವರಿಗೆ ಈ ಸುತ್ತು ಹೆಚ್ಚು ತಟ್ಟುತ್ತದೆ. ಮುಂಬೈಯಿಂದ ಅರಬ್ಬಿ ಸಮುದ್ರದ ಮೇಲೆ ಹೋಗುವವರಿಗೆ ಕಡಿಮೆ.

ಎರಡನೆಯದು ಟಿಬೆಟ್ ಪ್ರಸ್ಥಭೂಮಿ. ವಿಮಾನದೊಳಗಿನ ಗಾಳಿಯ ಒತ್ತಡ ಅಕಸ್ಮಾತ್ತಾಗಿ ಕುಸಿದರೆ ಪೈಲಟ್ ತಕ್ಷಣ ಹತ್ತು ಸಾವಿರ ಅಡಿಗೆ, ಅಂದರೆ ಸುಮಾರು ಮೂರು ಸಾವಿರ ಮೀಟರಿಗೆ ಇಳಿಯಬೇಕಾಗುತ್ತದೆ, ಏಕೆಂದರೆ ಪ್ರಯಾಣಿಕರ ಆಮ್ಲಜನಕದ ಮುಖವಾಡಗಳು ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷಗಳಿಗೆ ಮಾತ್ರ ಸಾಕಾಗುತ್ತವೆ. ಟಿಬೆಟ್ಟಿನ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿ ಇರುವುದರಿಂದ ಅಲ್ಲಿ ಇಳಿಯಲು ಜಾಗವೇ ಇರುವುದಿಲ್ಲ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊದ ಮಹಾವೃತ್ತ ಅದರ ಮೇಲೆಯೇ ಹಾಯುತ್ತದೆಂಬುದನ್ನು ದಾರ ಹಿಡಿದಾಗ ನೋಡಿದೆವು. ಇದರ ಜೊತೆಗೆ ಎರಡು ಎಂಜಿನ್‌ಗಳ ವಿಮಾನಗಳು, ಒಂದು ಎಂಜಿನ್ ನಿಂತರೂ ನಿಗದಿತ ಅವಧಿಯೊಳಗೆ ತಲುಪಬಹುದಾದ ನಿಲ್ದಾಣವೊಂದು ಸದಾ ಇರುವಂತೆ ದಾರಿಯನ್ನು ಆರಿಸಿಕೊಳ್ಳಬೇಕೆಂಬ ನಿಯಮವೂ ಇದೆ.

ಮೂರನೆಯ ಕಾರಣ ಮತ್ತೆ ಗಾಳಿಯೇ. ದೂರ ಹೆಚ್ಚಾದರೂ ಹಿಂಗಾಳಿ ಸಿಗುವ ದಾರಿಯಲ್ಲಿ ಇಂಧನವೂ ಹೊತ್ತೂ ಉಳಿಯುವುದರಿಂದ ವಿಮಾನ ಸಂಸ್ಥೆಗಳು ಪ್ರತಿದಿನ ಅಂದಂದಿನ ಗಾಳಿ ನೋಡಿ ದಾರಿ ನಿರ್ಧರಿಸುತ್ತವೆ. ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾದ ಮೊದಲ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ನೇರ ವಿಮಾನ 2021ರ ಜನವರಿಯಲ್ಲಿ ಉತ್ತರ ಧ್ರುವದ ಮೇಲಿಂದ ಬಂದು ಸುಮಾರು 17 ಗಂಟೆಗಳಲ್ಲಿ ತಲುಪಿತ್ತು. 15,300 ಕಿಲೋಮೀಟರಿಗೂ ಹೆಚ್ಚು ಅಂತರದ ಸಿಂಗಾಪುರ ಮತ್ತು ನ್ಯೂಯಾರ್ಕ್ ನಡುವಿನ ನೇರ ಹಾರಾಟಕ್ಕೆ 18 ಗಂಟೆಗೂ ಮೇಲೆ ಬೇಕು.

ಹಾಗಾದರೆ ನಮ್ಮ ಲೆಕ್ಕ ಏತಕ್ಕೆ ಎಂದು ಕೇಳಬಹುದು. ಟಿಕೆಟ್ ಮಾರುವವರು ತೋರಿಸುವ ಹಲವು ಆಯ್ಕೆಗಳಲ್ಲಿ ಯಾವುದು ಅನಗತ್ಯವಾಗಿ ಸುತ್ತುತ್ತದೆ ಎಂದು ತಿಳಿಯುವುದಕ್ಕೆ ಅದೇ ಅಳತೆಗೋಲು. ನೇರ ಅಂತರ 7,210 ಕಿಲೋಮೀಟರ್ ಇರುವಾಗ, ನಡುವೆ ವಿಮಾನ ಬದಲಿಸುವ ಊರಿನ ಮೂಲಕ ಎರಡು ತುಂಡುಗಳ ಮೊತ್ತ ಎಷ್ಟಾಗುತ್ತದೆಂದು ಇದೇ ಸೂತ್ರದಿಂದ ನೋಡಿದರೆ ಸುತ್ತಿನ ಪ್ರಮಾಣ ಕೂಡಲೇ ತಿಳಿಯುತ್ತದೆ.

ಗಡಿಯಾರದ ಸಮಯ

ಟಿಕೆಟ್ಟಿನಲ್ಲಿ ಹೊರಡುವ ಸಮಯ ಹೊರಡುವ ಊರಿನ ಗಡಿಯಾರದ್ದು, ತಲುಪುವ ಸಮಯ ತಲುಪುವ ಊರಿನ ಗಡಿಯಾರದ್ದು. ಎರಡನ್ನೂ ಮೊದಲು ಭಾರತೀಯ ಕಾಲಮಾನಕ್ಕೆ ತಂದುಕೊಂಡ ಮೇಲೆಯೇ ಕಳೆಯಬೇಕು. ದುಬೈ ನಮಗಿಂತ ವರ್ಷವಿಡೀ ಒಂದೂವರೆ ಗಂಟೆ ಹಿಂದೆ ಇದೆ. ಲಂಡನ್ ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ ಇದ್ದರೆ ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಹಿಂದೆ. ನ್ಯೂಯಾರ್ಕ್ ಚಳಿಗಾಲದಲ್ಲಿ ಹತ್ತೂವರೆ, ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ಹಿಂದೆ; ಸ್ಯಾನ್ ಫ್ರಾನ್ಸಿಸ್ಕೊ ಹದಿಮೂರೂವರೆ ಮತ್ತು ಹನ್ನೆರಡೂವರೆ. ಬ್ರಿಟನ್ನಿನಲ್ಲಿ ಗಡಿಯಾರವನ್ನು ಮುಂದಿಡುವುದು ಮಾರ್ಚ್ ತಿಂಗಳ ಕೊನೆಯ ಭಾನುವಾರ, ಹಿಂದಿಡುವುದು ಅಕ್ಟೋಬರ್ ಕೊನೆಯ ಭಾನುವಾರ. ಅಮೆರಿಕದಲ್ಲಿ ಮಾರ್ಚ್ ಎರಡನೆಯ ಭಾನುವಾರ ಮತ್ತು ನವೆಂಬರ್ ಮೊದಲ ಭಾನುವಾರ. ಈ ದಿನಾಂಕಗಳು ಬೇರೆಯಾಗಿರುವುದರಿಂದ ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ವಾರಗಳಲ್ಲಿ ಪ್ರಯಾಣಿಸುವವರು ಹೆಚ್ಚು ಜಾಗರೂಕರಾಗಿ ಲೆಕ್ಕ ಹಾಕಬೇಕು.

ಜನವರಿಯಲ್ಲಿ ಮುಂಬೈಯಿಂದ ಮಧ್ಯಾಹ್ನ 2 ಗಂಟೆಗೆ ಹೊರಟ ವಿಮಾನ ಲಂಡನ್ನಿಗೆ ಅಲ್ಲಿಯ ಸಂಜೆ 6.30ಕ್ಕೆ ತಲುಪುತ್ತದೆ ಎಂದಿಟ್ಟುಕೊಳ್ಳೋಣ. ಅದು ನಮ್ಮ ಗಡಿಯಾರದಲ್ಲಿ ರಾತ್ರಿ 12 ಗಂಟೆ. ಅಂದರೆ ಪ್ರಯಾಣ ಹತ್ತು ಗಂಟೆಯದು, ನಾಲ್ಕೂವರೆ ಗಂಟೆಯದಲ್ಲ. ಅಮೆರಿಕದ ಲೆಕ್ಕ ಇನ್ನೂ ಹೆಚ್ಚು ಗಲಿಬಿಲಿ ಮಾಡುತ್ತದೆ. ಚಳಿಗಾಲದಲ್ಲಿ ಬೆಂಗಳೂರಿನಿಂದ ಮಧ್ಯಾಹ್ನ 2 ಗಂಟೆಗೆ ಹೊರಟು ಹದಿನಾರು ಗಂಟೆ ಹಾರಿದರೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅದೇ ದಿನಾಂಕದ ಸಂಜೆ 4.30 ಆಗಿರುತ್ತದೆ. ಮರಳಿ ಬರುವಾಗ ಅಲ್ಲಿಂದ 9ನೇ ತಾರೀಖಿನ ರಾತ್ರಿ 8.30ಕ್ಕೆ ಹೊರಟು ಹದಿನೇಳು ಗಂಟೆ ಹಾರಿದವರು ಇಲ್ಲಿ ಇಳಿಯುವುದು 11ನೇ ತಾರೀಖಿನ ನಸುಕಿನ 3 ಗಂಟೆಗೆ. ಟಿಕೆಟ್ಟಿನಲ್ಲಿ ತಲುಪುವ ಸಮಯದ ಪಕ್ಕದಲ್ಲಿ ಧನ ಚಿಹ್ನೆಯೊಡನೆ 1 ಅಥವಾ 2 ಎಂದು ಸಣ್ಣದಾಗಿ ಬರೆದಿರುವುದು ಇದನ್ನೇ ಸೂಚಿಸುತ್ತದೆ.

ನಡುರಾತ್ರಿಯ ನಂತರ ಹೊರಡುವ ವಿಮಾನಗಳ ದಿನಾಂಕವನ್ನು ಎರಡು ಸಲ ಓದಿಕೊಳ್ಳಿ. ಟಿಕೆಟ್ಟಿನಲ್ಲಿ 15ನೇ ತಾರೀಖು 00.45 ಎಂದಿದ್ದರೆ ಮುಂಬೈ ನಿಲ್ದಾಣದಲ್ಲಿ 14ರ ರಾತ್ರಿ ಒಂಬತ್ತೂವರೆಗೆ ಇರಬೇಕು, ಬೆಳಗಾವಿಯಿಂದ 14ರಂದೇ ಹೊರಡಬೇಕು. ಸೂರ್ಯೋದಯದಿಂದ ದಿನ ಎಣಿಸುವ ರೂಢಿ ಇರುವ ನಮ್ಮ ಹಿರಿಯರಿಗೆ ಇದನ್ನು ಕ್ಯಾಲೆಂಡರಿನ ಮೇಲೆ ಗುರುತು ಮಾಡಿಯೇ ಹೇಳಬೇಕು.

ಮನೆಯಿಂದ ಮನೆಗೆ

ಬಾಗಲಕೋಟೆ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಆದ್ದರಿಂದ ಮುಧೋಳ, ಜಮಖಂಡಿಯ ಕಡೆಯವರು ಸಾಂಬ್ರಾಕ್ಕೂ, ಬಾದಾಮಿ, ಇಳಕಲ್ಲಿನವರು ಹುಬ್ಬಳ್ಳಿಗೂ ಹೋಗುವುದು ಸಾಮಾನ್ಯ. ವಿಜಯಪುರ, ಇಂಡಿ, ಸಿಂದಗಿಯವರು ಹೈದರಾಬಾದ್ ದಾರಿಯನ್ನೂ ಯೋಚಿಸಬಹುದು. ಜಮಖಂಡಿಯಿಂದ ಲಂಡನ್ನಿಗೆ ಹೋಗುವವರ ಲೆಕ್ಕ ಹೀಗಿರುತ್ತದೆ: ಸಾಂಬ್ರಾವರೆಗೆ ರಸ್ತೆಯಲ್ಲಿ 3 ಗಂಟೆ, ನಿಲ್ದಾಣದಲ್ಲಿ 2 ಗಂಟೆ, ಮುಂಬೈಗೆ ಹಾರಾಟ 1 ಗಂಟೆ 15 ನಿಮಿಷ, ಮುಂಬೈಯಲ್ಲಿ ಮುಂದಿನ ವಿಮಾನಕ್ಕೆ 5 ಗಂಟೆ, ಲಂಡನ್ನಿಗೆ 10 ಗಂಟೆ, ವಲಸೆ ತಪಾಸಣೆ ಮತ್ತು ಸಾಮಾನಿಗೆ ಒಂದೂವರೆ ಗಂಟೆ, ಅಲ್ಲಿಂದ ಮನೆಗೆ ಇನ್ನೊಂದು ಒಂದೂವರೆ ಗಂಟೆ. ಒಟ್ಟು 24 ಗಂಟೆ 15 ನಿಮಿಷ. ಹಾರಾಟದ ಅವಧಿಯನ್ನು ಮಾತ್ರ ನೋಡಿ ಹೊರಟವರು ಇದರ ಅರ್ಧಕ್ಕೂ ಸಿದ್ಧರಾಗಿರುವುದಿಲ್ಲ.

ಇದರಲ್ಲಿ ಕಡಿತ ಮಾಡಬಾರದ ಭಾಗವೆಂದರೆ ಮುಂಬೈಯ ಐದು ಗಂಟೆ. ಮುಂಬೈಯ ಟರ್ಮಿನಲ್ 1 ಸಾಂತಾಕ್ರೂಜ್ ಕಡೆಯೂ ಅಂತರರಾಷ್ಟ್ರೀಯ ವಿಮಾನಗಳ ಟರ್ಮಿನಲ್ 2 ಸಹಾರ್ ಕಡೆಯೂ ಇದ್ದು, ಒಂದರಿಂದ ಇನ್ನೊಂದಕ್ಕೆ ರಸ್ತೆಯಲ್ಲೇ ಹೋಗಬೇಕು. ಎರಡೂ ವಿಮಾನಗಳು ಒಂದೇ ಪಿಎನ್‌ಆರ್ ಸಂಖ್ಯೆಯಡಿ ಇದ್ದರೆ ಮೊದಲನೆಯದು ತಡವಾದಾಗ ಮುಂದಿನ ವ್ಯವಸ್ಥೆಯ ಹೊಣೆ ಸಾಮಾನ್ಯವಾಗಿ ವಿಮಾನ ಸಂಸ್ಥೆಯ ಮೇಲಿರುತ್ತದೆ, ಸಾಮಾನು ಕೂಡ ಬಹುತೇಕ ನೇರವಾಗಿ ಕೊನೆಯ ಊರಿಗೆ ಹೋಗುತ್ತದೆ. ಬೇರೆ ಬೇರೆ ಟಿಕೆಟ್‌ಗಳಾದರೆ ಸಾಮಾನನ್ನು ನಾವೇ ಪಡೆದು ಮತ್ತೆ ಕೊಡಬೇಕು, ವಿಮಾನ ತಪ್ಪಿದರೆ ನಷ್ಟವೂ ನಮ್ಮದೇ. ಎರಡು ಸಾವಿರ ರೂಪಾಯಿ ಉಳಿಸಲು ವಯಸ್ಸಾದವರನ್ನು ಬೇರೆ ಬೇರೆ ಟಿಕೆಟ್‌ಗಳಲ್ಲಿ ಒಂಟಿಯಾಗಿ ಕಳಿಸುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಸಾಂಬ್ರಾದಿಂದ ಆ ದಿನ ಮುಂಬೈಗೆ ಅನುಕೂಲದ ವಿಮಾನ ಇಲ್ಲದಿದ್ದರೆ ಹಿಂದಿನ ರಾತ್ರಿಯ ಬಸ್ಸಿನಲ್ಲಿ ಹೋಗಿ, ನಡುವೆ ವಿಶ್ರಾಂತಿಗೆ ಜಾಗ ಗೊತ್ತು ಮಾಡಿಕೊಳ್ಳುವುದು ಮೇಲು. ಮಳೆಗಾಲದಲ್ಲಿ ಚೋರ್ಲಾ ಘಾಟಿನ ಮೂಲಕ ಗೋವಾ ನಿಲ್ದಾಣಕ್ಕೆ ಹೋಗುವವರು ರಸ್ತೆಗೆ ಕನಿಷ್ಠ ಒಂದೂವರೆ ಗಂಟೆ ಹೆಚ್ಚುವರಿ ಇಟ್ಟುಕೊಳ್ಳಬೇಕು.

ಮಧುಮೇಹ ಅಥವಾ ರಕ್ತದೊತ್ತಡಕ್ಕೆ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಈ ಒಟ್ಟು ಅವಧಿಯನ್ನು ಭಾರತೀಯ ಕಾಲಮಾನದಲ್ಲಿಯೇ ಗಂಟೆಗಂಟೆಯಾಗಿ ಒಂದು ಹಾಳೆಯಲ್ಲಿ ಬರೆದು, ಹೊರಡುವ ವಾರ ಮುಂಚೆ ವೈದ್ಯರಿಗೆ ತೋರಿಸಿ, ಯಾವ ಹೊತ್ತಿಗೆ ಎಷ್ಟು ಔಷಧಿ ಎಂಬುದನ್ನು ಅದೇ ಹಾಳೆಯ ಮೇಲೆ ಬರೆಸಿಕೊಳ್ಳಬೇಕು. ಪಶ್ಚಿಮಕ್ಕೆ ಹೋಗುವಾಗ ದಿನ ಉದ್ದವಾಗುವುದರಿಂದಲೂ ಪೂರ್ವಕ್ಕೆ ಬರುವಾಗ ಮೊಟಕಾಗುವುದರಿಂದಲೂ ಹೋಗುವ ಹಾಳೆ ಮತ್ತು ಬರುವ ಹಾಳೆ ಬೇರೆ ಬೇರೆಯಾಗಿರಬೇಕು. ಔಷಧಿಯನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು.

ಕರೆದುಕೊಂಡು ಬರಲು ಹೋಗುವವರು ಟಿಕೆಟ್ಟಿನ ಸಮಯಕ್ಕಿಂತ ಆ ದಿನದ ವಿಮಾನ ಎಲ್ಲಿದೆ ಎಂಬುದನ್ನು ಫ್ಲೈಟ್‌ರಾಡಾರ್24ನಂಥ ಜಾಲತಾಣದಲ್ಲಿ ನೋಡಿಕೊಳ್ಳುವುದು ಉತ್ತಮ; ಅಲ್ಲಿ ಅದೇ ಸಂಖ್ಯೆಯ ವಿಮಾನ ಹಿಂದಿನ ಕೆಲವು ದಿನಗಳಲ್ಲಿ ಎಷ್ಟು ಹೊತ್ತಿಗೆ ತಲುಪಿತ್ತೆಂಬುದೂ ಸಿಗುತ್ತದೆ. ಚಕ್ರಗಳು ನೆಲ ಮುಟ್ಟಿದ ಹೊತ್ತಿಗೂ ಪ್ರಯಾಣಿಕರು ಹೊರಬಾಗಿಲಿಗೆ ಬರುವ ಹೊತ್ತಿಗೂ ನಡುವೆ ಒಂದರಿಂದ ಒಂದೂವರೆ ಗಂಟೆ ಕಳೆಯುವುದರಿಂದ, ಕಾರಿನವರಿಗೆ ಇಳಿಯುವ ಸಮಯವನ್ನು ಹೇಳದೆ ಹೊರಬರುವ ಸಮಯವನ್ನೂ ದಿನಾಂಕವನ್ನೂ ಟರ್ಮಿನಲ್ ಸಂಖ್ಯೆಯನ್ನೂ ಬರೆದು ಕಳಿಸಿ.